ಕ್ಯಾನ್ಸರ್‌ನಿಂದ ಮುಚ್ಚಿದ ಪಿತ್ತನಾಳ: ಸ್ಟೆಂಟ್ ಹಾಕುವುದು ಹೇಗೆ, ಎಚ್ಚರ ಎಲ್ಲಿ?

ಕಣ್ಣು ಹಳದಿ, ಮೂತ್ರ ಕಡು ಚಹಾದ ಬಣ್ಣ, ಮಲ ಮಾತ್ರ ಬಿಳಿಚಿದ ಜೇಡಿಮಣ್ಣಿನಂತೆ, ರಾತ್ರಿಯಾದರೆ ಮೈಯೆಲ್ಲ ತುರಿಕೆ. ಇವು ಒಟ್ಟಿಗೆ ಬಂದರೆ ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ ಎಂದೇ ಅನುಮಾನಿಸಬೇಕು. ಮೇದೋಜೀರಕ ಗ್ರಂಥಿಯ ತಲೆಭಾಗ, ಪಿತ್ತಕೋಶ ಇಲ್ಲವೇ ಪಿತ್ತನಾಳದ ಕ್ಯಾನ್ಸರ್ ದಾರಿಯನ್ನು ಅದುಮಿರಬಹುದು. ಕಾಮಾಲೆಯೆಂದು ನಾಟಿ ಔಷಧ, ಪಥ್ಯದಲ್ಲಿ ವಾರಗಟ್ಟಲೆ ಕಳೆಯುವವರು ನಮ್ಮಲ್ಲಿ ಈಗಲೂ ಇದ್ದಾರೆ. ಮುಚ್ಚಿದ ನಾಳವನ್ನು ಯಾವ ಸೊಪ್ಪಿನ ರಸವೂ ಬಿಡಿಸದು.

ಮೊದಲು ಸಿಟಿ ಸ್ಕ್ಯಾನ್, ಆಮೇಲೆ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಕೊಳವೆ. ಕ್ರಮ ತಪ್ಪಿದರೆ ಸ್ಟೆಂಟ್ ಮತ್ತು ಊತದಿಂದ ಗಡ್ಡೆಯ ಅಂಚು ಮಸುಕಾಗಿ, ಆಪರೇಷನ್ ಸಾಧ್ಯವೇ ಎಂದು ಹೇಳುವುದೇ ಕಷ್ಟವಾಗುತ್ತದೆ. ಬೇಗ ಆಪರೇಷನ್ ಆಗುವಂತಿದ್ದು, ಸೋಂಕಿಲ್ಲದೆ, ಬಿಲಿರುಬಿನ್ (ಮೈ ಹಳದಿಯಾಗಿಸುವ ಪಿತ್ತದ ಬಣ್ಣ) ರಕ್ತದಲ್ಲಿ ತೀರಾ ಏರಿಲ್ಲದಿದ್ದರೆ ಎಷ್ಟೋ ಸಲ ಸ್ಟೆಂಟ್ ಬೇಕಾಗುವುದೇ ಇಲ್ಲ. ಆಪರೇಷನ್‌ಗೆ ಮೊದಲು ಕಿಮೊ (ಕ್ಯಾನ್ಸರ್ ಔಷಧ) ಕೊಡಬೇಕಿದ್ದರೆ, ಸೋಂಕಾಗಿದ್ದರೆ ಬೇಕು.

ಪಿತ್ತರಸವಿಲ್ಲದೆ ಕರುಳು ವಿಟಮಿನ್ ಕೆ ಹೀರದು, ರಕ್ತ ಸರಿಯಾಗಿ ಹೆಪ್ಪುಗಟ್ಟದು. ಹಾಗಾಗಿ ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ತಿಳಿಸುವ ಐಎನ್‌ಆರ್ ಪರೀಕ್ಷೆ ನೋಡಿ, ಹೆಚ್ಚಿದ್ದರೆ ವಿಟಮಿನ್ ಕೆ ಇಂಜೆಕ್ಷನ್ ಕೊಡುತ್ತಾರೆ. ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಮೊದಲೇ ತಿಳಿಸಬೇಕು. 6ರಿಂದ 8 ಗಂಟೆ ಹೊಟ್ಟೆ ಖಾಲಿ ಇರಬೇಕು.

ಬಾಯಿಯ ಮೂಲಕ ಸ್ಟೆಂಟ್ ಹಾಕುವ ವಿಧಾನಕ್ಕೆ ಇಆರ್‌ಸಿಪಿ ಎನ್ನುತ್ತಾರೆ. ಮಂಪರು ಕೊಟ್ಟು, ಪಕ್ಕಕ್ಕೆ ನೋಡುವ ಎಂಡೋಸ್ಕೋಪನ್ನು (ಕ್ಯಾಮೆರಾ ಇರುವ ಬಾಗುವ ಕೊಳವೆ) ಬಾಯಿಯಿಂದ ಸಣ್ಣಕರುಳಿನ ಮೊದಲ ಭಾಗಕ್ಕೆ ಇಳಿಸಿ, ಪಿತ್ತನಾಳದ ಬಾಯಿಯ ಮೂಲಕ ತೆಳು ತಂತಿ ತೂರಿಸುತ್ತಾರೆ. ಇಡೀ ಕೆಲಸದ ಕಷ್ಟವೆಲ್ಲ ಇಲ್ಲೇ. ತಂತಿ ಅಡಚಣೆ ದಾಟಿದರೆ ಡೈ ಬಿಟ್ಟು ಎಕ್ಸ್‌ರೇಯಲ್ಲಿ ನೋಡಿ, ಅದೇ ತಂತಿಯ ಮೇಲೆ ಸ್ಟೆಂಟ್ ಜಾರಿಸುತ್ತಾರೆ. ತಂತಿ ಮತ್ತೆಮತ್ತೆ ಮೇದೋಜೀರಕದ ನಾಳಕ್ಕೆ ಹೊಕ್ಕರೆ ಆ ಗ್ರಂಥಿ ಊದಿಕೊಳ್ಳಬಹುದು; ತಡೆಯಲು ಗುದದ್ವಾರದಲ್ಲಿ ಊತ ತಗ್ಗಿಸುವ ಔಷಧವಾದ 100 ಮಿಲಿಗ್ರಾಂ ಇಂಡೊಮೆಥಾಸಿನ್ ಅಥವಾ ಡೈಕ್ಲೊಫೆನಾಕ್ ಇಡುವುದು ರೂಢಿ.

ಪ್ಲಾಸ್ಟಿಕ್ಕೋ ಲೋಹವೋ? 10 ಫ್ರೆಂಚ್ ಅಳತೆಯ ಪ್ಲಾಸ್ಟಿಕ್ ಕೊಳವೆ 3.3 ಮಿ.ಮೀ. ದಪ್ಪ, ಸುಮಾರು 3 ತಿಂಗಳಲ್ಲಿ ಬ್ಯಾಕ್ಟೀರಿಯಾ ಪದರ, ಪಿತ್ತದ ಗಸಿಯಿಂದ ಕಟ್ಟಿಕೊಳ್ಳುತ್ತದೆ. ಲೋಹದ ಜಾಲರಿ ಒಳಗೆ ಹೋಗಿ 10 ಮಿ.ಮೀ.ವರೆಗೆ ಅರಳುತ್ತದೆ, ಹೆಚ್ಚು ಕಾಲ ಬಾಳುತ್ತದೆ, ಬೆಲೆಯೂ ಬಹಳ ಹೆಚ್ಚು. ಆದರೆ ಪ್ಲಾಸ್ಟಿಕ್ ಬದಲಿಸುತ್ತ ಹೋಗುವ ಖರ್ಚು, ಜ್ವರ, ಆಸ್ಪತ್ರೆವಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊದಿಕೆಯಿಲ್ಲದ ಜಾಲರಿಯ ಕಣ್ಣುಗಳಲ್ಲಿ ಗಡ್ಡೆ ಬೆಳೆದು ನುಗ್ಗಬಹುದು, ಹೊದಿಕೆಯಿರುವುದು ಜಾರಬಹುದು. ಕ್ಯಾನ್ಸರ್ ಖಚಿತವಾಗುವ ಮುನ್ನ ಹೊದಿಕೆಯಿಲ್ಲದ್ದನ್ನು ಹಾಕಬಾರದು, ಆಮೇಲೆ ತೆಗೆಯುವುದು ಬಲು ಕಷ್ಟ.

ಅಡಚಣೆ ಲಿವರ್‌ನ ಬಾಗಿಲಲ್ಲೇ, ನಾಳ ಕವಲೊಡೆಯುವಲ್ಲಿದ್ದರೆ ಲೆಕ್ಕ ಬೇರೆ. ಲಿವರ್‌ನ ಅರ್ಧಕ್ಕಿಂತ ಹೆಚ್ಚು ಭಾಗದ ಪಿತ್ತ ಹರಿಯುವಂತೆ ಮಾಡಬೇಕು. ಡೈ ಹೋಗಿಯೂ ಬರಿದಾಗದ ಕವಲು ಸೋಂಕಿನ ಗೂಡಾಗುತ್ತದೆ. ಇಂಥಲ್ಲಿ ಹಲವು ಸಲ ಚರ್ಮದ ಮೂಲಕ ಲಿವರ್‌ಗೆ ಸೂಜಿ ಚುಚ್ಚಿ ಕೊಳವೆ ಇಡುತ್ತಾರೆ. ಹೊರಗಿನ ಚೀಲಕ್ಕೆ ಬೀಳುವ ಪಿತ್ತವನ್ನು ದಿನವೂ ಅಳೆದು ಬರೆದಿಡಿ. ಅದರೊಂದಿಗೆ ನೀರು, ಉಪ್ಪು ಹೋಗುವುದರಿಂದ ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಕೇಳಿ.

ಮನೆಗೆ ಬಂದ ಮೇಲೆ ಬೆನ್ನಿಗೆ ಹರಡುವ ಹೊಟ್ಟೆನೋವು, ಕಪ್ಪು ಮಲ, ನಡುಕದ ಜ್ವರ, ಮರಳಿದ ಹಳದಿ: ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ಚಳಿಜ್ವರಕ್ಕೆ ಪ್ಯಾರಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ಸ್ಟೆಂಟ್ ಯಾವ ಬಗೆಯದು, ಹಾಕಿದ್ದು ಯಾವಾಗ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ; ಪ್ಲಾಸ್ಟಿಕ್ ಆಗಿದ್ದರೆ ಬದಲಿಸುವ ದಿನವನ್ನು ಕ್ಯಾಲೆಂಡರಿನಲ್ಲಿ ಅಂದೇ ಗುರುತು ಹಾಕಿ.