ಉಬ್ಬರದ ಲೆಕ್ಕ ಹಿಡಿದು ಕಡಲ್ಗಳ್ಳರ ಕಥೆ ಬರೆಯುವುದು

ಕಡಲ್ಗಳ್ಳರ ಕಥೆ ಎಂದ ಕೂಡಲೇ ಹೆಚ್ಚಿನವರ ಕಣ್ಣಮುಂದೆ ನಿಲ್ಲುವುದು ತಲೆಬುರುಡೆಯ ಬಾವುಟ, ಒಕ್ಕಣ್ಣಿನ ನಾಯಕ, ಕೆರಿಬಿಯನ್ ದ್ವೀಪ. ಧಾರಾವಾಹಿ ಕಾದಂಬರಿ ಬರೆಯಲು ಕುಳಿತಾಗ ಇವು ಯಾವುವೂ ಬೇಡ ಎಂದು ಮೊದಲೇ ನಿಶ್ಚಯಿಸಿಕೊಂಡೆ. ಹೊನ್ನಾವರದ ಅಳಿವೆ ನೋಡುತ್ತ ಬೆಳೆದವಳಿಗೆ ಅಷ್ಟು ದೂರ ಹೋಗುವ ಅಗತ್ಯವೂ ಇರಲಿಲ್ಲ. ವಾಸ್ಕೊ ಡ ಗಾಮ 1498ರಲ್ಲಿ ಕಾರವಾರದ ಹತ್ತಿರದ ಅಂಜುದೀವ್ ದ್ವೀಪದ ಬಳಿ ಲಂಗರು ಹಾಕಿದ್ದಾಗ, ಎಂಟು ನೌಕೆಗಳನ್ನು ಒಂದಕ್ಕೊಂದು ಬಿಗಿದು, ಮೇಲೆ ಮರದ ಕೊಂಬೆಗಳನ್ನು ಹೊದಿಸಿ, ತೇಲುವ ಹಸಿರು ದಿಬ್ಬದಂತೆ ಹತ್ತಿರ ಸರಿದವರ ಸಂಗತಿ ಪೋರ್ಚುಗೀಸ್ ವೃತ್ತಾಂತಗಳಲ್ಲಿದೆ. ಆ ನೌಕೆಗಳ ಒಡೆಯ ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರು ಅವನನ್ನು ತಿಮೋಜ ಎಂದು ಬರೆದರು. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನಿಗೆ ಗೋವೆಯ ಮೇಲೆ ಏರಿ ಹೋಗಲು ಸಲಹೆ ಕೊಟ್ಟವನೂ ಇವನೇ. ಹನ್ನೆರಡು ವರ್ಷಗಳ ಅಂತರದಲ್ಲಿ ಒಬ್ಬನೇ ಮನುಷ್ಯ ಅವರ ಪಾಲಿಗೆ ಕಳ್ಳನೂ ಆದ, ಮಿತ್ರನೂ ಆದ. ಇಂಥವನೊಬ್ಬ ನಮ್ಮೂರಿನಲ್ಲೇ ಇದ್ದಾಗ ಒಕ್ಕಣ್ಣಿನವನನ್ನು ನಾನೇಕೆ ಕರೆಸಲಿ?

ನಾನು ವೃತ್ತಿಯ ಲೇಖಕಿಯಲ್ಲ. ಸಹಕಾರಿ ಸಂಘವೊಂದರಲ್ಲಿ ಸಾಲದ ಲೆಕ್ಕ ಬರೆಯುತ್ತೇನೆ. ಕಾದಂಬರಿ ನಡೆಯುವುದು ರಾತ್ರಿ ಊಟದ ನಂತರ, ಅಡುಗೆಮನೆಯ ಮೇಜಿನ ಮೇಲೆ. ವಾರಕ್ಕೊಂದು ಕಂತು, ಒಂದೊಂದೂ ಸುಮಾರು ಸಾವಿರದ ಐನೂರು ಪದ. ಮೊಬೈಲಿನಲ್ಲಿ ಓದುವವರು ಬಸ್ಸಿನಲ್ಲಿ ಕುಳಿತು ಒಂದೇ ಉಸಿರಿಗೆ ಮುಗಿಸುವಷ್ಟು. ಹೆಸರು ‘ಸಾಲದ ಉಬ್ಬರ’. ನಾಯಕಿ ಗಣಪಿ, ಒಬ್ಬ ತಾಂಡೇಲನ, ಅಂದರೆ ದೋಣಿ ನಡೆಸುವ ಮುಖಂಡನ ಮಗಳು. ಬಂದರು, ರಾಣಿ, ಫರಂಗಿ ಕಪ್ತಾನ ಎಲ್ಲರೂ ಕಲ್ಪಿತರು. ಆದರೆ ಕಡಲು ಮಾತ್ರ ಶರಾವತಿಯ ಬಾಯಿಯಲ್ಲಿರುವ ನಿಜವಾದ ಕಡಲು. ಅದ್ಭುತ ಕಥೆಯಲ್ಲಿ ಮಾಯೆ ಎಷ್ಟು ಬೇಕಾದರೂ ಇರಲಿ, ನೀರು, ಗಾಳಿ, ಚಂದ್ರ ಮಾತ್ರ ತಮ್ಮ ನಿಯಮ ಬಿಡಬಾರದು ಎಂಬುದು ನನ್ನ ಹಟ. ಅವು ಗಟ್ಟಿಯಾಗಿ ನಿಂತರೆ ಓದುಗರು ಮಾಯೆಯನ್ನು ತಾವಾಗಿಯೇ ನಂಬುತ್ತಾರೆ.

ಆದ್ದರಿಂದ ಪಾತ್ರಗಳಿಗಿಂತ ಮೊದಲು ನೀರಿನ ಲೆಕ್ಕ ಹಾಕಿದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಾಗಾಗಿ ಹುಣ್ಣಿಮೆಯಂದು ಯಾವ ಗಂಟೆಗೆ ನೀರು ತುಂಬಿತ್ತೋ, ವಾರ ಕಳೆದು ಅಷ್ಟಮಿಯ ಹೊತ್ತಿಗೆ ಅದೇ ಗಂಟೆಗೆ ಇಳಿದಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ತೀರ ಮೇಲೆ ಬಂದು ತೀರ ಕೆಳಗೆ ಹೋಗುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಸೊರಗುತ್ತದೆ. ಇದು ತಿಳಿದ ಮೇಲೆ ನನಗೆ ಬೇಕಾದ ದೊಡ್ಡ ಉಪಕರಣ ಮನೆಯ ಗೋಡೆಯ ಮೇಲೇ ಸಿಕ್ಕಿತು: ಪಂಚಾಂಗ. ಪ್ರತಿ ಕಂತಿನ ತಲೆಯಲ್ಲಿ ತಿಥಿ ಬರೆಯುತ್ತೇನೆ. ‘ಕಾರ್ತಿಕ ಬಹುಳ ಚತುರ್ದಶಿ’ ಎಂದು ಓದಿದ ಕೂಡಲೇ ಕರಾವಳಿಯ ಓದುಗರಿಗೆ ಅಳಿವೆಯಲ್ಲಿ ನೀರಿನ ಏರಿಳಿತ ಜೋರಾಗಿದೆ ಎಂದು ನಾನು ಹೇಳಬೇಕಾಗಿಲ್ಲ.

ಈ ಲೆಕ್ಕ ಕಥೆಯನ್ನು ಹೇಗೆ ಎಳೆಯುತ್ತದೆ ಎಂಬುದಕ್ಕೆ ಒಂದು ದೃಶ್ಯ. ಶರಾವತಿಯ ಅಳಿವೆಯಲ್ಲಿ ಮರಳಿನ ದಿಬ್ಬ ಕಟ್ಟಿಕೊಳ್ಳುತ್ತದೆ. ಈಗಿನ ಮೀನುಗಾರಿಕಾ ದೋಣಿಗಳಿಗೂ ಅದು ತಲೆನೋವು. ಗಣಪಿಯದು ಮಚ್ವೆ ಎಂಬ ಚಿಕ್ಕ ಹಾಯಿದೋಣಿ, ಸ್ವಲ್ಪವೇ ನೀರಿನಲ್ಲಿ ತೇಲುತ್ತದೆ. ಬೆನ್ನಟ್ಟಿ ಬರುವ ಫರಂಗಿ ಹಡಗು ತೋಪುಗಳ ಭಾರಕ್ಕೆ ಆಳವಾಗಿ ಮುಳುಗಿದೆ. ಇಳಿತ ಆರಂಭವಾಗುವ ಮೊದಲು ಅದು ದಿಬ್ಬ ದಾಟಿದರೆ ಗಣಪಿಯ ಕಥೆ ಮುಗಿಯಿತು. ಅವಳಲ್ಲಿರುವ ಶಕ್ತಿ ಒಂದೇ: ಇಳಿತವನ್ನು ಸ್ವಲ್ಪ ಮುಂಚೆ ಕರೆಯಬಲ್ಲಳು. ಆದರೆ ಅದು ಸಾಲ. ಇಲ್ಲಿ ಎಷ್ಟು ನೀರು ತೆಗೆದಳೋ ಅಷ್ಟನ್ನು ಕಡಲು ಬೇರೆಲ್ಲೋ ಏರಿಸುತ್ತದೆ, ಯಾರದೋ ಗಜನಿ ಗದ್ದೆಯ ಮೇಲೆ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ ಮೇಲೆ. ಆ ಭಾಗವನ್ನು ನಾನು ಹೀಗೆ ಬರೆದೆ:

“ಅರ್ಧ ಗಳಿಗೆ ಮೊದಲೇ ನೀರು ಹಿಂದೆ ಸರಿಯಿತು. ಹಡಗಿನ ತಳ ಮರಳಿಗೆ ಉಜ್ಜಿದ ಸದ್ದು ದಡದವರೆಗೂ ಕೇಳಿಸಿತು. ಫರಂಗಿಯವರು ಕೂಗಾಡುತ್ತಿದ್ದರು. ಗಣಪಿ ಅಂಗೈ ಬಿಚ್ಚಿ ನೋಡಿದಳು. ಉಪ್ಪಿನ ಗೆರೆ ಮಣಿಕಟ್ಟು ದಾಟಿತ್ತು. ಯಾರ ಗದ್ದೆ ಎಂದು ಅವಳು ಕೇಳಲಿಲ್ಲ.”

ಅರ್ಧ ಗಳಿಗೆ ಎಂದರೆ 12 ನಿಮಿಷ. ಅದಕ್ಕಿಂತ ಹೆಚ್ಚು ಶಕ್ತಿ ಅವಳಿಗೆ ಕೊಡಲಿಲ್ಲ, ಕೊಡುವುದೂ ಇಲ್ಲ. ನಮ್ಮ ಕರಾವಳಿಯಲ್ಲಿ ನೀರಿನ ಏರಿಳಿತ ದೊಡ್ಡ ದಿನಗಳಲ್ಲೂ ಎರಡು ಮೀಟರಿನ ಆಸುಪಾಸು. ಖಂಭಾತ್ ಕೊಲ್ಲಿಯಲ್ಲಾದರೆ ಅದರ ಹಲವು ಪಟ್ಟು. ನಮ್ಮಲ್ಲಿ ಇಂಚುಗಳೇ ಸಾವು ಬದುಕನ್ನು ನಿರ್ಧರಿಸಬೇಕು, ಮತ್ತು ಅದೇ ನನಗೆ ಇಷ್ಟ. ಮುಂದೆ ಫರಂಗಿ ಕಪ್ತಾನ ಊರಿನ ಜೋಯಿಸರೊಬ್ಬರಿಗೆ ಹೊನ್ನು ಕೊಟ್ಟು ಪಂಚಾಂಗ ಓದಿಸುತ್ತಾನೆ, ಅಷ್ಟಮಿಯಂದೇ ನುಗ್ಗುತ್ತಾನೆ. ಏರಿಳಿತವೇ ಸೊರಗಿದ ದಿನ ಸಾಲ ಪಡೆದರೂ ನಾಲ್ಕು ಬೆರಳಿನಷ್ಟು ನೀರು ಕದಲುವುದು ಕಷ್ಟ. ಗಣಪಿ ಬುದ್ಧಿಯಿಂದಲೇ ಪಾರಾಗಬೇಕು. ಈ ತಿರುವನ್ನು ಕುಳಿತು ಹೆಣೆಯಲಿಲ್ಲ. ಚಂದ್ರನ ಲೆಕ್ಕ ಹಾಕುತ್ತಿದ್ದಾಗ ಅದು ಎದುರಿಗೇ ಬಂದು ನಿಂತಿತು.

ಗಾಳಿಯ ವಿಷಯವೂ ಹೀಗೆಯೇ. ಮಳೆ ಕಳೆದ ತಿಂಗಳುಗಳಲ್ಲಿ ರಾತ್ರಿಯಿಂದ ಬೆಳಗಿನ ಜಾವದವರೆಗೆ ನೆಲದಿಂದ ಕಡಲಿಗೆ ಗಾಳಿ, ಮಧ್ಯಾಹ್ನದ ನಂತರ ಕಡಲಿನಿಂದ ನೆಲಕ್ಕೆ. ಆದ್ದರಿಂದ ನನ್ನ ಕಳ್ಳರು ತಪ್ಪಿಸಿಕೊಂಡು ಹೊರಡುವುದು ಯಾವಾಗಲೂ ಕೋಳಿ ಕೂಗುವ ಮುಂಚೆ, ಲೂಟಿಯೊಂದಿಗೆ ಮರಳುವುದು ಹೊತ್ತು ಇಳಿದ ಮೇಲೆ.

ಮಳೆಗಾಲ ಇನ್ನೂ ದೊಡ್ಡ ವರ. ಹಾಯಿಯ ಕಾಲದಲ್ಲಿ ಜೂನಿನಿಂದ ಆಗಸ್ಟಿನವರೆಗೆ ಈ ಕಡಲು ಮುಚ್ಚಿದ ಬಾಗಿಲು. ಇವತ್ತಿಗೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಧಾರಾವಾಹಿಯ ಕ್ಯಾಲೆಂಡರನ್ನು ಹೊರಗಿನ ಕ್ಯಾಲೆಂಡರಿಗೆ ಹೊಂದಿಸಿದೆ. ಹೊರಗೆ ಮಳೆ ಸುರಿಯುವಾಗ ಕಥೆಯಲ್ಲೂ ನೌಕೆಗಳು ದಡದಲ್ಲಿ, ತೆಂಗಿನ ಮಡಲಿನ ಚಪ್ಪರದ ಕೆಳಗೆ. ಹುರಿಹಗ್ಗದಿಂದ ಹಲಗೆಗಳನ್ನು ಮತ್ತೆ ಹೊಲಿಯುತ್ತಾರೆ, ಮೀನೆಣ್ಣೆ ಬಳಿಯುತ್ತಾರೆ, ಹಳೆಯ ಲೂಟಿಯ ಪಾಲಿಗಾಗಿ ಜಗಳವಾಡುತ್ತಾರೆ. ಸಾಹಸವಿಲ್ಲದ ಈ ಕಂತುಗಳನ್ನು ಓದುಗರು ಬಿಟ್ಟುಬಿಡುತ್ತಾರೆ ಎಂದು ಗೆಳತಿಯೊಬ್ಬಳು ಹೆದರಿಸಿದಳು. ಹಾಗಾಗಲಿಲ್ಲ. ಗಣಪಿಯ ತಾಯಿ ಮಾತನಾಡಿದ್ದು, ದ್ರೋಹ ಹುಟ್ಟಿದ್ದು, ಎಲ್ಲವೂ ಆ ಮಳೆಯಲ್ಲೇ.

ಕೆಲವು ವಿವರಗಳು ಪುಸ್ತಕದಲ್ಲಿ ಸಿಗುವಂಥವಲ್ಲ. ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ, ಮಂಜಿ ಎಂಬ ಸರಕಿನ ಹಾಯಿಹಡಗಿನಲ್ಲಿ ದುಡಿದ ಹಿರಿಯರೊಬ್ಬರಿದ್ದಾರೆ. ರಾತ್ರಿ ಕತ್ತಲಲ್ಲಿ ಎಲ್ಲಿದ್ದೇವೆಂದು ಹೇಗೆ ತಿಳಿಯುತ್ತಿತ್ತು ಅಜ್ಜ, ಎಂದು ಕೇಳಿದೆ.

“ಸೀಸದ ಗುಂಡಿನ ತಳಕ್ಕೆ ಮೇಣ ಮೆತ್ತಿ ಹಗ್ಗದಲ್ಲಿ ಬಿಡುತ್ತಿದ್ದೆವು ತಂಗಿ. ಮರಳು ಅಂಟಿಕೊಂಡು ಬಂದರೆ ಒಂದು ಜಾಗ, ಕೆಸರು ಬಂದರೆ ಇನ್ನೊಂದು. ದೊಡ್ಡವರು ನಾಲಿಗೆಗೆ ಹಚ್ಚಿ ನೋಡುತ್ತಿದ್ದರು.”

ಆ ರಾತ್ರಿಯೇ ಗಣಪಿಯ ತಂದೆ ಕೆಸರಿನ ರುಚಿ ನೋಡಿ ದಾರಿ ಹೇಳುವವನಾದ. ಕಡಲ ಹಾವುಗಳು ಕಂಡರೆ ದಡ ಹತ್ತಿರ ಎಂಬ ಗುರುತು ಸುಮಾರು ಎರಡು ಸಾವಿರ ವರ್ಷ ಹಿಂದಿನ ಗ್ರೀಕ್ ನಾವಿಕ ಕೈಪಿಡಿ ‘ಪೆರಿಪ್ಲಸ್’ನಲ್ಲಿಯೇ ಇದೆ. ಅದನ್ನು ಹಿಡಿದು ನಮ್ಮ ಕಡಲಿನ ಗಡಿಗೆ ಹಾವುಗಳ ಕಾವಲು ಹಾಕಿದೆ. ಮಾಯೆಯೆಲ್ಲ ಹೀಗೆ ಯಾವುದಾದರೊಂದು ನಿಜದ ಮೊಳಕೆಯಿಂದಲೇ ಬೆಳೆಯಬೇಕು ಎಂದು ನೋಡಿಕೊಳ್ಳುತ್ತೇನೆ.

ಕಥೆಗೆ ಧರ್ಮಸಂಕಟ ಕೊಟ್ಟದ್ದು ಕಾರ್ತಾಜ್. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸರು ತಂದ ಪರವಾನಗಿ ಅದು. ಆ ಚೀಟಿ ಪಡೆದು, ಅವರ ಕೋಟೆಗಳಲ್ಲಿ ಸುಂಕ ಕಟ್ಟಿ ಸಾಗಬೇಕು. ಚೀಟಿಯಿಲ್ಲದ ಹಡಗನ್ನು ಸರಕಿನ ಸಮೇತ ಹಿಡಿಯುತ್ತಿದ್ದರು. ಗೇರುಸೊಪ್ಪೆಯ ಮೆಣಸು ಹೊರಗೆ ಹೋಗುತ್ತಿದ್ದ, ಅರಬ್ಬಿ ಕುದುರೆಗಳು ಒಳಗೆ ಬರುತ್ತಿದ್ದ ನೀರಿನಲ್ಲಿ ತಲೆಮಾರುಗಳಿಂದ ಓಡಾಡಿದವನು ಒಂದು ಕಾಗದವಿಲ್ಲದ ಕಾರಣಕ್ಕೆ ರಾತ್ರೋರಾತ್ರಿ ಅಪರಾಧಿಯಾದ. ನನ್ನ ಕಳ್ಳರು ಒಳ್ಳೆಯವರೆಂದು ನಾನು ಎಲ್ಲೂ ಬರೆದಿಲ್ಲ. ಅವರು ಬಡ ಯಾತ್ರಿಕರನ್ನೂ ದೋಚಿದ್ದಾರೆ. ಆದರೆ ಕಳ್ಳ ಎಂದು ಕರೆಯುವ ಹಕ್ಕು ಯಾರಿಗೆ ಎಂಬ ಪ್ರಶ್ನೆ ಪ್ರತಿ ಭಾಗದಲ್ಲೂ ಎದ್ದು ಬರುವಂತೆ ಮಾಡಿದ್ದೇನೆ. ಇದಿಲ್ಲದಿದ್ದರೆ ಬರೀ ಕತ್ತಿವರಸೆ ಉಳಿಯುತ್ತಿತ್ತು.

ಕಂತು ಮುರಿಯುವ ಜಾಗದ ಬಗ್ಗೆ ಒಂದು ಮಾತು. ನಮ್ಮ ಅಮ್ಮ ‘ಸುಧಾ’, ‘ತರಂಗ’ಗಳ ಧಾರಾವಾಹಿ ಪುಟಗಳನ್ನು ಕತ್ತರಿಸಿ, ದಬ್ಬಣದಲ್ಲಿ ಹೊಲಿದು ಇಡುತ್ತಿದ್ದರು. ಬರೆಯಲು ತೊಡಗುವ ಮೊದಲು ಆ ಕಟ್ಟುಗಳನ್ನೆಲ್ಲ ತೆಗೆದು ಪ್ರತಿ ಕಂತಿನ ಕೊನೆಯ ನಾಲ್ಕು ಸಾಲನ್ನು ಮಾತ್ರ ಓದಿದೆ. ಬಾಗಿಲು ತಟ್ಟಿದ ಸದ್ದಿಗೆ, ಬಂದೂಕಿನ ಸದ್ದಿಗೆ ನಿಲ್ಲಿಸಿದವು ಮರೆತುಹೋಗುವಂಥವು. ಒಬ್ಬರು ಏನನ್ನೋ ನಿರ್ಧರಿಸಿ, ಅದರ ಬೆಲೆ ಇನ್ನೂ ಗೊತ್ತಾಗದ ಕ್ಷಣದಲ್ಲಿ ನಿಂತವು ವರ್ಷಗಳ ನಂತರವೂ ಕಾಡಿದವು. ನಾನು ಎರಡನೆಯ ದಾರಿ ಹಿಡಿದೆ. ಮೇಲೆ ಕೊಟ್ಟ ಸಾಲುಗಳಲ್ಲಿ ‘ಯಾರ ಗದ್ದೆ ಎಂದು ಅವಳು ಕೇಳಲಿಲ್ಲ’ ಎಂಬಲ್ಲಿಗೆ ಆ ವಾರದ ಕಂತು ಮುಗಿದಿತ್ತು.

ಓದುಗರ ಊಹೆಗಳಿಗೆ ತಕ್ಕಂತೆ ಕಥೆ ತಿರುಗಿಸುವುದಿಲ್ಲ. ಕೊನೆಯ ಕಂತಿನ ಸಾರಾಂಶ ಮೊದಲೇ ಬರೆದು ಕಪಾಟಿನಲ್ಲಿಟ್ಟಿದ್ದೇನೆ, ನಡುವಿನ ದಾರಿ ಮಾತ್ರ ಬದಲಾಗುತ್ತದೆ. ಮೂರು ಕಂತು ಸದಾ ಮುಂದಾಗಿಯೇ ಸಿದ್ಧವಿರುತ್ತವೆ. ಸಂಘದಲ್ಲಿ ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ದಿನಗಳಲ್ಲಿ ಬರೆಯಲು ಕೈಗೆ ಬಿಡುವೇ ಇರುವುದಿಲ್ಲ.

ಈಗ ಕಥೆ ನೇತ್ರಾಣಿಯಂಥ ದ್ವೀಪದತ್ತ ಹೊರಟಿದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ, ಆಡುಗಳು ಮೇಯುವ ಆ ಬಂಡೆಗುಡ್ಡವನ್ನು ಬೆಳಗಿನ ಗಾಳಿಯಲ್ಲಿ ಮಚ್ವೆಯೊಂದು ಎಷ್ಟು ಹೊತ್ತಿನಲ್ಲಿ ಮುಟ್ಟೀತು, ನೆಲಗಾಳಿ ಅಷ್ಟು ದೂರ ಜೊತೆ ಕೊಡುತ್ತದೆಯೇ, ನಡುವೆ ಗಾಳಿ ಸತ್ತರೆ ಹುಟ್ಟು ಹಾಕುವವರು ಎಷ್ಟು ಜನ ಬೇಕು, ಇದನ್ನೆಲ್ಲ ಅಜ್ಜನ ಬಳಿ ಕುಳಿತು ಗೊತ್ತುಮಾಡಿಕೊಳ್ಳಬೇಕು. ಗಣಪಿಯ ಸಾಲ ವಸೂಲಿಗೆ ಬರುವುದು ಅಲ್ಲಿಯೇ. ಅವಳು ಮುಳುಗಿಸಿದ ಗದ್ದೆಯ ಒಡೆಯ ಆ ದೋಣಿಯಲ್ಲೇ ಹುಟ್ಟು ಹಿಡಿದು ಕುಳಿತಿದ್ದಾನೆ.