ಬೀಚ್ ಎಲೆಯ ರಂಗೋಲಿ ಹುಳವನ್ನು ಡಬ್ಬಿಯಲ್ಲಿ ಬೆಳೆಸಿದ್ದು

ಮೇ ಕೊನೆಗೆ ಯೂರೋಪಿನ ಬೀಚ್ (beech) ಅನ್ನುವ ಕಾಡುಮರಗಳಲ್ಲಿ ಹೊಸ ಎಲೆಗಳ ತುದಿ ಕಂದಾಗಿ, ಸುಟ್ಟ ಹಾಗೆ ಕಾಣುತ್ತದೆ. ಚಳಿಗೆ ಕರಕಲಾಗಿದೆ ಅಂತಲೇ ನಾನು ತುಂಬಾ ದಿನ ಅಂದುಕೊಂಡಿದ್ದೆ. ಒಂದು ಸಲ ಎಲೆ ಕಿತ್ತು ಬೆಳಕಿಗೆ ಹಿಡಿದೆ. ನಡುನರದಿಂದ ಹೊರಟ ಸಣ್ಣ ಗೆರೆ ಅಂಚಿನ ಕಡೆ ಹೋಗುತ್ತಾ ಅಗಲವಾಗಿ, ಕೊನೆಗೆ ಬೊಕ್ಕೆ ಎದ್ದ ಹಾಗೆ ಉಬ್ಬಿತ್ತು. ಒಳಗೆ ಕಾಲಿಲ್ಲದ ಬಿಳಿ ಮರಿಹುಳ, ಅದರ ಹಿಂದೆ ಕಪ್ಪು ಹಿಕ್ಕೆ. ಎಲೆಯ ಮೇಲಿನ ಪೊರೆ, ಕೆಳಗಿನ ಪೊರೆ ಎರಡನ್ನೂ ಬಿಟ್ಟು ನಡುವಿನ ಹಸಿರನ್ನಷ್ಟೇ ತಿಂದಿತ್ತು! ಕಂದು ಭಾಗವನ್ನು ಬೆರಳಲ್ಲಿ ಮೆಲ್ಲಗೆ ಉಜ್ಜಿ ನೋಡಿ, ಹುಳ ತಿಂದಿದ್ದರೆ ಎರಡು ಪೊರೆ ಬೇರೆ ಬೇರೆ ಜಾರುತ್ತವೆ, ಚಳಿಗೆ ಸುಟ್ಟ ಎಲೆಯಲ್ಲಿ ಹಾಗಾಗಲ್ಲ.

ಎಲೆಯೊಳಗೆ ಹೀಗೆ ರಂಗೋಲಿಯಂಥ ಗೆರೆ ಕೊರೆಯುವ ಇದು ಓರ್ಕೆಸ್ಟಿಸ್ ಫ್ಯಾಗಿ ಅನ್ನುವ ಮೂತಿಹುಳದ (ಉದ್ದ ಮೂತಿಯ ಪುಟ್ಟ ಜೀರುಂಡೆಯ) ಮರಿ. 1758ರಲ್ಲೇ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದಕ್ಕೆ ಹೆಸರಿಟ್ಟಿದ್ದ. ಬೆಳೆದ ಹುಳ ಬರೀ 2ರಿಂದ 3 ಮಿಲಿಮೀಟರ್. ವಸಂತದಲ್ಲಿ ಮೊಗ್ಗು ಒಡೆಯುವ ಹೊತ್ತಿಗೆ ಸರಿಯಾಗಿ ಎದ್ದು ಬಂದು, ಎಳೆ ಎಲೆಯ ನಡುನರದಲ್ಲಿ ಮೊಟ್ಟೆ ಇಡುತ್ತದೆ.

ಬೆಳೆಸೋಣ ಅಂತ ಮೊದಲ ವರ್ಷ ಎಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ, ಮೂರೇ ದಿನಕ್ಕೆ ಬೂಷ್ಟು. ಮರುವರ್ಷ ತೆರೆದಿಟ್ಟೆ, ಎಲೆ ಒಣಗಿ ಮರಿಗಳು ಹೊಟ್ಟೆಗಿಲ್ಲದೆ ಸತ್ತವು, ತುಂಬಾ ಬೇಜಾರಾಯಿತು. ಆಮೇಲೆ ಅರ್ಥವಾಯಿತು, ತಪ್ಪಿದ್ದು ಡಬ್ಬಿಯಲ್ಲಲ್ಲ, ಕಿತ್ತ ದಿನದಲ್ಲಿ. ಮರಿ ಎಲೆಯೊಳಗೇ ಗೂಡು ಕಟ್ಟಿ ಕೋಶವಾಗುತ್ತದೆ, ಅಂದರೆ ಬೆಳೆದ ಹುಳವಾಗುವ ಮುಂಚಿನ ಹಂತಕ್ಕೆ ಹೋಗುತ್ತದೆ. ಬೆಳಕಿಗೆ ಹಿಡಿದಾಗ ಕಂದು ಭಾಗದಲ್ಲಿ ಸಾಸಿವೆಯಂಥ ದುಂಡನೆ ಗಂಟು ಕಂಡರೆ ಮಾತ್ರ ಕೀಳಬೇಕು, ಆಗ ಅದಕ್ಕೆ ಊಟ ಬೇಡ. ಡಬ್ಬಿಯ ತಳಕ್ಕೆ ಸ್ವಲ್ಪವೇ ತೇವದ ಟಿಶ್ಯೂ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ನೆರಳಲ್ಲಿ ಇಟ್ಟೆ. ದಿನಾ ಬಿಚ್ಚಿ ನೋಡುವ ಆಸೆ ಆಗುತ್ತೆ ಅಲ್ವಾ, ಸುಮ್ನೆ ಬಿಡಬೇಕು.

ಜೂನ್ ನಡುವಿನಲ್ಲಿ ಒಂದು ಬೆಳಿಗ್ಗೆ ಬಟ್ಟೆಗೆ ಟಪ್ ಟಪ್ ಅಂತ ಏನೋ ಬಡಿಯುತ್ತಿತ್ತು. ಮಸೂರದಲ್ಲಿ ನೋಡಿದೆ: ಬೂದು ರೋಮದ ಕಪ್ಪು ಮೈ, ಹೊಟ್ಟೆಯಡಿ ಮಡಚಿದ ಮೂತಿ, ಹಿಂಗಾಲುಗಳ ದಪ್ಪ ತೊಡೆಗಳು. ಆ ತೊಡೆಯ ಬಲದಿಂದಲೇ ಚಿಗಟದ ಹಾಗೆ ಜಿಗಿಯುತ್ತಿತ್ತು. ಅದೇ ಸಂಜೆ ಎಲ್ಲವನ್ನೂ ಅದೇ ಮರಕ್ಕೆ ಬಿಟ್ಟೆ. ವರ್ಷಕ್ಕೆ ಒಂದೇ ಪೀಳಿಗೆ, ಇನ್ನು ಮೊಟ್ಟೆ ಮುಂದಿನ ವಸಂತಕ್ಕೇ. ಬಿಟ್ಟ ಹುಳಗಳಲ್ಲಿ ಒಂದು ಹತ್ತಿರದ ಎಲೆಗೆ ಹಾರಿ, ಕೂತಲ್ಲೇ ಸಣ್ಣ ತೂತು ಕೊರೆಯಲು ಶುರು ಮಾಡಿತು.