ಕಿಯಾಂಟಿಯ ಹಳೆಯ ತೋಟದ ಮನೆಯನ್ನು ಬಾಡಿಗೆಗೆ ಹಿಡಿಯುವವರಿಗೆ

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವೆ ಹಬ್ಬಿರುವ ಗುಡ್ಡಸಾಲಿಗೆ ಕಿಯಾಂಟಿ ಎಂದು ಹೆಸರು. ಇಲ್ಲಿಯ ವೈನ್ ಸೀಮೆಯ ಎಲ್ಲೆಯನ್ನು 1716ರಷ್ಟು ಹಿಂದೆಯೇ ಟಸ್ಕನಿಯ ಅರಸ ಮೂರನೆಯ ಕೋಸಿಮೊ ಮೆಡಿಚಿ ಆಜ್ಞೆ ಹೊರಡಿಸಿ ಗುರುತಿಸಿದ್ದನು. ದ್ರಾಕ್ಷಿ ತೋಟ, ಆಲಿವ್ ಮರ ಮತ್ತು ಓಕ್ ಕಾಡುಗಳ ನಡುವೆ ದಿಬ್ಬದ ನೆತ್ತಿಯ ಮೇಲೆ ಒಂಟಿಯಾಗಿ ನಿಂತ ಕಲ್ಲಿನ ಮನೆಗಳು ಈ ಸೀಮೆಯ ಗುರುತು. ಇಂದು ವಿಲ್ಲಾ ಎಂಬ ಹೆಸರಿನಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಸಿಗುವ ಮನೆಗಳಲ್ಲಿ ಅನೇಕವು ಇಂಥವೇ, ಆದರೆ ಇವು ಎಂದೂ ಸಿರಿವಂತರ ಬಂಗಲೆಗಳಾಗಿರಲಿಲ್ಲ. ಒಡೆಯರ ಜಮೀನನ್ನು ಅರ್ಧ ಪಾಲಿನ ಗೇಣಿಗೆ ಉಳುತ್ತಿದ್ದ ರೈತರ ಕೂಡು ಕುಟುಂಬಗಳು ಇವುಗಳಲ್ಲಿ ಬಾಳಿದ್ದವು. ನೆಲಮಟ್ಟದಲ್ಲಿ ದನದ ಕೊಟ್ಟಿಗೆ, ಹೊರಗಿನ ಕಲ್ಲುಮೆಟ್ಟಿಲು ಹತ್ತಿದರೆ ದೊಡ್ಡ ಒಲೆಯಿದ್ದ ಅಡುಗೆಮನೆ, ಅದರ ಸುತ್ತ ಮಲಗುವ ಕೋಣೆಗಳು, ಕೆಲವು ಮನೆಗಳ ನೆತ್ತಿಯಲ್ಲಿ ಪಾರಿವಾಳದ ಗೂಡು. ದನಗಳ ಮೈಶಾಖ ಚಳಿಗಾಲದಲ್ಲಿ ಮೇಲಿನ ಕೋಣೆಗಳನ್ನು ಬೆಚ್ಚಗಿಡುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ರೈತರು ಕಾರ್ಖಾನೆಯ ಕೆಲಸ ಹುಡುಕಿಕೊಂಡು ನಗರ ಸೇರಿದರು; 1964ರ ಕಾನೂನು ಇಂಥ ಗೇಣಿಯ ಹೊಸ ಒಪ್ಪಂದಗಳನ್ನೇ ನಿಷೇಧಿಸಿತು. ಹೀಗೆ ಪಾಳುಬಿದ್ದ ಮನೆಗಳನ್ನು ಮುಂದೆ ಸ್ಥಳೀಯರೂ ಹೊರಗಿನವರೂ ಕೊಂಡು ಜೀರ್ಣೋದ್ಧಾರ ಮಾಡಿದರು.

ಈ ಹಿನ್ನೆಲೆಯನ್ನು ಮೊದಲೇ ಹೇಳಲು ಕಾರಣವಿದೆ. ಹೋಟೆಲಿನಲ್ಲಿ ಕೋಣೆ ಹಿಡಿಯುವುದು ಬೇರೆ, ಒಂದು ಹಳೆಯ ಮನೆಯ ಯಜಮಾನಿಕೆಯನ್ನು ಒಂದು ವಾರ ವಹಿಸಿಕೊಳ್ಳುವುದು ಬೇರೆ. ನೀರು, ಕರೆಂಟು, ಒಲೆ, ಕಸ, ದಾರಿ ಎಲ್ಲವೂ ಆ ವಾರ ನಿಮ್ಮ ಪಾಲಿಗೆ ಬರುತ್ತವೆ. ಆದ್ದರಿಂದ ಈಜುಕೊಳದ ಚಿತ್ರಕ್ಕೆ ಮಾರುಹೋಗದೆ, ಮನೆ ನಡೆಸುವವರ ಕಣ್ಣಿನಿಂದ ಮನೆಯನ್ನು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಚಿತ್ರಗಳಿಗಿಂತ ಮೊದಲು ಮಾಲೀಕರಿಂದ ನೆಲನಕ್ಷೆಯನ್ನು ಕೇಳಿ ತರಿಸಿಕೊಳ್ಳಿ. ಹಳೆಯ ಕೊಟ್ಟಿಗೆಯೇ ಇಂದಿನ ಹಜಾರವಾಗಿರುವ ಮನೆಗಳಲ್ಲಿ ಆ ಭಾಗ ಬೇಸಿಗೆಯಲ್ಲಿ ತಂಪಾಗಿರುತ್ತದೆ, ಆದರೆ ಕಿಟಕಿಗಳು ಚಿಕ್ಕವಾದ್ದರಿಂದ ಬೆಳಕು ಕಡಿಮೆ. ಮೇಲಂತಸ್ತಿನಲ್ಲಿ ಒಂದು ಕೋಣೆಯನ್ನು ಹಾದೇ ಇನ್ನೊಂದಕ್ಕೆ ಹೋಗಬೇಕಾದ ಏರ್ಪಾಡು ಕೆಲವು ಮನೆಗಳಲ್ಲಿ ಹಾಗೆಯೇ ಉಳಿದಿರುತ್ತದೆ. ಎರಡು ಮೂರು ಸಂಸಾರಗಳು ಸೇರಿ ಹೋಗುವಾಗ ಇದು ತೀರ ಮುಜುಗರದ ವಿಷಯ. ಹಿರಿಯರು ಜೊತೆಗಿದ್ದರೆ ನೆಲಮಟ್ಟದಲ್ಲಿ ಮಲಗುವ ಕೋಣೆಯೂ ಸ್ನಾನದ ಮನೆಯೂ ಇವೆಯೇ, ಮೇಲಿನ ಕೋಣೆಗೆ ಹೊರಗಿನ ಮೆಟ್ಟಿಲೊಂದೇ ದಾರಿಯೇ ಎಂದು ವಿಚಾರಿಸಬೇಕು. ದಪ್ಪ ಕಲ್ಲಿನ ಗೋಡೆಗಳನ್ನು ದಾಟಿ ವೈಫೈ ಎಲ್ಲ ಕೋಣೆಗಳಿಗೂ ತಲುಪುವುದು ಕಷ್ಟ. ಅಲ್ಲಿಂದಲೇ ಕಚೇರಿ ಕೆಲಸ ಮಾಡುವ ಯೋಚನೆಯಿದ್ದರೆ ಅದನ್ನೂ ಕೇಳಿಕೊಳ್ಳಿ. ನಮ್ಮವರಿಗೆ ಸಮಾಧಾನ ಕೊಡುವ ಒಂದು ಸಂಗತಿಯೆಂದರೆ, ಪ್ರತಿ ಮನೆಯ ಒಂದು ಸ್ನಾನದ ಮನೆಯಲ್ಲಾದರೂ ‘ಬಿಡೆ’ ಎಂಬ, ಶೌಚದ ನಂತರ ತೊಳೆದುಕೊಳ್ಳುವ ನೀರಿನ ಬೋಗುಣಿ ಇರಬೇಕೆಂದು 1975ರ ಆದೇಶವೊಂದು ಇಟಲಿಯಲ್ಲಿ ವಿಧಿಸಿದೆ. ಹೀಗಾಗಿ ಶೌಚಕ್ಕೆ ನೀರಿಲ್ಲವೆಂಬ ಕೊರಗು ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಮನೆ ಯಾವ ಊರಿಗೆ ಹತ್ತಿರ ಎಂಬುದು ಮುಂದಿನ ಪ್ರಶ್ನೆ. ಗ್ರೇವೆ, ಪಾನ್ಸಾನೊ, ಕಸ್ತೆಲ್ಲೀನಾ, ರಾದ್ದಾ, ಗಾಯೋಲೆ ಇವು ಕಿಯಾಂಟಿಯ ಮುಖ್ಯ ಊರುಗಳು. ಫ್ಲಾರೆನ್ಸಿನಿಂದ ಗ್ರೇವೆ ಸುಮಾರು 30 ಕಿಲೋಮೀಟರ್ ದೂರದಲ್ಲಿದ್ದು ಬಸ್ಸಿನ ಸೌಕರ್ಯವಿದೆ. ಅದರ ತ್ರಿಕೋನಾಕಾರದ ಚೌಕದಲ್ಲಿ ಶನಿವಾರ ಬೆಳಗ್ಗೆ ಸಂತೆ ಸೇರುತ್ತದೆ. ಮೊದಲ ಬಾರಿ ಹೋಗುವವರಿಗೆ ಗ್ರೇವೆ ಅಥವಾ ಪಾನ್ಸಾನೊ ಸುತ್ತಲಿನ ಮನೆಯೇ ಲೇಸು. ರಾದ್ದಾ ಮತ್ತು ಗಾಯೋಲೆ ಕಡೆ ಕಾಡು ಹೆಚ್ಚು, ನೀರವತೆಯೂ ಹೆಚ್ಚು, ಆದರೆ ಪ್ರತಿ ಸಣ್ಣ ಕೆಲಸಕ್ಕೂ ಅಂಕುಡೊಂಕಿನ ರಸ್ತೆಯಲ್ಲಿ ಕಾರು ಓಡಿಸಬೇಕಾಗುತ್ತದೆ. ಎಲ್ಲಿಯೇ ಆಗಲಿ, ದಿನಸಿ ಅಂಗಡಿಯೂ ಔಷಧಿ ಅಂಗಡಿಯೂ ಇರುವ ಊರು ಕಾರಿನಲ್ಲಿ ಹದಿನೈದು ನಿಮಿಷದೊಳಗೆ ಸಿಗುವಂತಿರಲಿ. ಮನೆಯ ನಿಖರವಾದ ಸ್ಥಾನವನ್ನು ಪಡೆದು, ಉಪಗ್ರಹ ಚಿತ್ರದಲ್ಲಿ ಡಾಂಬರು ರಸ್ತೆ ಮುಗಿದ ಮೇಲೆ ಎಷ್ಟು ದೂರ ಜಲ್ಲಿ ದಾರಿಯಿದೆಯೆಂದು ನೋಡಿ. ಸ್ಥಳೀಯರು ಬಿಳಿ ರಸ್ತೆಯೆಂದು ಕರೆಯುವ ಈ ದಾರಿಗಳು ನೋಡಲು ಸೊಗಸು. ಮಳೆಯಲ್ಲಿ, ಕತ್ತಲಲ್ಲಿ, ತಗ್ಗು ಮೈಯ ಕಾರಿನಲ್ಲಿ ಅವು ಅಷ್ಟೇ ಕಠಿಣ.

ಕಾಲದ ಆಯ್ಕೆಯಲ್ಲಿ ಹೆಚ್ಚು ಗೊಂದಲವಿಲ್ಲ. ಮೇ, ಜೂನ್ ಮತ್ತು ಸೆಪ್ಟೆಂಬರ್ ಹಿತವಾದ ತಿಂಗಳುಗಳು. ಸಾಂಜೊವೇಸೆ ಎಂಬ ಕಪ್ಪು ದ್ರಾಕ್ಷಿಯ ಕೊಯ್ಲು ಸಾಮಾನ್ಯವಾಗಿ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರಿನವರೆಗೆ ನಡೆಯುವುದರಿಂದ, ವೈನ್ ಸೀಮೆಯ ದುಡಿಮೆಯನ್ನು ಕಣ್ಣಾರೆ ಕಾಣಬೇಕೆನ್ನುವವರು ಆಗ ಹೋಗಬಹುದು. ಆದರೆ ಕೊಯ್ಲಿನ ದಿನಗಳಲ್ಲಿ ತೋಟದವರಿಗೆ ಅತಿಥಿಗಳೊಡನೆ ಮಾತನಾಡಲು ಪುರಸೊತ್ತಿರುವುದಿಲ್ಲ ಎಂಬುದೂ ನೆನಪಿರಲಿ. ಬೇಸಿಗೆಯ ದಟ್ಟಣೆಯ ತಿಂಗಳುಗಳಲ್ಲಿ ಹೆಚ್ಚಿನ ಮನೆಗಳು ಶನಿವಾರದಿಂದ ಶನಿವಾರದವರೆಗೆ, ಪೂರ್ತಿ ವಾರದ ಲೆಕ್ಕದಲ್ಲಿ ಮಾತ್ರ ಸಿಗುತ್ತವೆ. ಸಿಯೆನಾದ ಪಾಲಿಯೊ ಕುದುರೆ ಪಂದ್ಯಗಳು ನಡೆಯುವ ಜುಲೈ 2 ಮತ್ತು ಆಗಸ್ಟ್ 16ರ ಆಸುಪಾಸಿನಲ್ಲಿ ಬಹಳ ಮುಂಚಿತವಾಗಿ ಕಾದಿರಿಸದಿದ್ದರೆ ಮನೆ ದೊರೆಯುವುದು ಕಷ್ಟ.

ಜಾಹೀರಾತು ನಿಜವೋ ಮೋಸವೋ ಎಂದು ತಿಳಿಯಲು ಈಗ ಒಂದು ಸುಲಭದ ಮೊದಲ ಪರೀಕ್ಷೆಯಿದೆ. ಇಟಲಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಪ್ರತಿ ಮನೆಗೂ ಸಿಐಎನ್ ಎಂಬ ರಾಷ್ಟ್ರೀಯ ಗುರುತು ಸಂಖ್ಯೆ ಇರಬೇಕು. 2025ರ ಆರಂಭದಿಂದ ಅದನ್ನು ಜಾಹೀರಾತಿನಲ್ಲಿಯೂ ಕಟ್ಟಡದ ಹೊರಗೂ ತೋರಿಸುವುದು ಕಡ್ಡಾಯವಾಗಿದ್ದು, ತಪ್ಪಿದವರಿಗೆ ದಂಡವಿದೆ. ಸಂಖ್ಯೆ ಕೇಳಿದಾಗ ಹಾರಿಕೆಯ ಉತ್ತರ ಬಂದರೆ ಆ ಮನೆಯನ್ನು ಬಿಟ್ಟುಬಿಡಿ. ಅಗ್ರಿತುರಿಸ್ಮೊ ಎಂದು ಕರೆದುಕೊಳ್ಳುವ ಮನೆಯಾದರೆ ಅದು ನಿಜವಾಗಿ ಬೇಸಾಯ ನಡೆಯುತ್ತಿರುವ ಜಮೀನಿಗೆ ಸೇರಿರಲೇಬೇಕು, ಕೃಷಿಯೇ ಅಲ್ಲಿ ಮುಖ್ಯವಾಗಿರಬೇಕು ಎಂದು 2006ರ ಕಾನೂನು ಹೇಳುತ್ತದೆ. ಸ್ವಂತ ವೈನ್, ಆಲಿವ್ ಎಣ್ಣೆ, ತರಕಾರಿ ಸಿಗುವ ಇಂಥ ತೋಟದ ಮನೆಯನ್ನು ಬರಿಯ ವಿಲ್ಲಾಗಿಂತ ಮೇಲೆಂದು ನಾನು ಭಾವಿಸುತ್ತೇನೆ. ಜಮೀನಿನ ಬದುಕು ಅಲ್ಲಿ ಇನ್ನೂ ಉಸಿರಾಡುತ್ತಿರುತ್ತದೆ.

ಹಣದ ವಿಷಯದಲ್ಲಿ ಒಪ್ಪಂದದ ಪದಗಳನ್ನು ಗಮನವಿಟ್ಟು ಓದಬೇಕು. ಮುಂಗಡವನ್ನು ಇಟಲಿಯಲ್ಲಿ ಎರಡು ಬಗೆಯಾಗಿ ಬರೆಯುತ್ತಾರೆ. ಅಕ್ಕೋಂತೊ ಎಂದು ಬರೆದಿದ್ದರೆ ಅದು ಬಾಡಿಗೆಯ ಒಂದು ಭಾಗವನ್ನು ಮೊದಲೇ ಕೊಟ್ಟಂತೆ, ಅಷ್ಟೆ. ಕಪರ್ರಾ ಕನ್ಫರ್ಮತೋರಿಯಾ ಎಂದಿದ್ದರೆ ಅದು ಮಾತಿನ ಒತ್ತೆ: ನಾಗರಿಕ ಸಂಹಿತೆಯ 1385ನೇ ವಿಧಿಯಂತೆ ನೀವು ಮಾತಿಗೆ ತಪ್ಪಿದರೆ ಆ ಹಣ ಮಾಲೀಕರ ಪಾಲಾಗುತ್ತದೆ, ಅವರು ತಪ್ಪಿದರೆ ಅದರ ಎರಡರಷ್ಟನ್ನು ನೀವು ಕೇಳಬಹುದು. ವೀಸಾ ಸಿಗದಿದ್ದರೆ ಏನು ಎಂಬ ಪ್ರಶ್ನೆ ಭಾರತದಿಂದ ಹೋಗುವವರಿಗೆ ಮುಖ್ಯವಾದ್ದರಿಂದ, ವೀಸಾ ನಿರಾಕರಣೆಯಾದರೆ ಮುಂಗಡ ಹಿಂದಿರುಗಿಸುವ ಷರತ್ತನ್ನು ಬರಹದಲ್ಲಿ ಸೇರಿಸಲು ಕೇಳಿಕೊಳ್ಳಿ. ಬಾಡಿಗೆಯ ಹೊರಗೆ ಏನೇನು ತೆರಬೇಕೆಂಬ ಪಟ್ಟಿಯನ್ನೂ ಅದೇ ಪತ್ರದಲ್ಲಿ ಪಡೆಯಿರಿ: ಹೊರಡುವಾಗಿನ ಶುಚಿತ್ವದ ಶುಲ್ಕ, ಹಾಸಿಗೆ ಹೊದಿಕೆ ಮತ್ತು ಟವೆಲ್, ಹಾನಿಯ ಭದ್ರತಾ ಠೇವಣಿ, ತಲೆಗೆ ಮತ್ತು ರಾತ್ರಿಗೆ ಇಷ್ಟೆಂದು ಆಯಾ ಪುರಸಭೆ ವಿಧಿಸುವ ಪ್ರವಾಸಿ ತೆರಿಗೆ. ಈ ತೆರಿಗೆಯನ್ನು ಹಲವೆಡೆ ಸ್ಥಳದಲ್ಲಿಯೇ ನಗದಾಗಿ ಕೇಳುತ್ತಾರೆ.

ಮನೆ ಬಿಸಿ ಮಾಡುವ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ ಎಂಬುದನ್ನು ಬಿಡಿಯಾಗಿ ಕೇಳಲೇಬೇಕು. ಹಳ್ಳಿಯ ಮನೆಗಳಲ್ಲಿ ಅನೇಕವು ಅಂಗಳದ ತೊಟ್ಟಿಯಲ್ಲಿ ತುಂಬಿಸಿಟ್ಟ ಅನಿಲವನ್ನು ಬಳಸುತ್ತವೆ, ಬಳಸಿದಷ್ಟಕ್ಕೆ ಮೀಟರ್ ನೋಡಿ ಹಣ ಪಡೆಯುತ್ತಾರೆ. ಬಾಯ್ಲರ್‌ಗಳನ್ನು ಯಾವ ತಿಂಗಳುಗಳಲ್ಲಿ ಹಚ್ಚಬಹುದೆಂಬುದನ್ನೂ ಹವಾಮಾನ ವಲಯಕ್ಕೆ ತಕ್ಕಂತೆ ಕಾನೂನೇ ಗೊತ್ತುಪಡಿಸಿದೆ. ಹಾಗಾಗಿ ಅಕ್ಟೋಬರಿನಲ್ಲಿ ಕಲ್ಲಿನ ಮನೆಯ ಥಂಡಿಗೆ ಉಣ್ಣೆಯ ಬಟ್ಟೆ ಜೊತೆಗಿರಬೇಕು. ಕರೆಂಟಿನದು ಇನ್ನೊಂದು ಕಥೆ. ಇಟಲಿಯ ಸಾಮಾನ್ಯ ಮನೆಗಳಿಗೆ 3 ಕಿಲೋವ್ಯಾಟ್ ಸಂಪರ್ಕವೇ ವಾಡಿಕೆ. ವಿದ್ಯುತ್ ಓವನ್ ಉರಿಯುತ್ತಿರುವಾಗ ಬಟ್ಟೆ ಒಗೆಯುವ ಯಂತ್ರವನ್ನೂ ಎಸಿಯನ್ನೂ ಹಾಕಿದರೆ ಇಡೀ ಮನೆ ಒಮ್ಮೆಲೇ ಕತ್ತಲಾಗುತ್ತದೆ. ಕೆಲವು ಕಡೆ ಮೀಟರ್ ಪೆಟ್ಟಿಗೆ ಮನೆಯೊಳಗಿರದೆ ಗೇಟಿನ ಬಳಿ, ದಾರಿಯ ಬದಿಯ ಗೂಡಿನಲ್ಲಿ ಇರುತ್ತದೆ. ಟಾರ್ಚ್ ಹಿಡಿದು ಅಲ್ಲಿಗೆ ನಡೆದು, ಕೆಳಕ್ಕೆ ಬಿದ್ದ ಸ್ವಿಚ್ಚನ್ನು ಮೇಲಕ್ಕೆತ್ತಬೇಕು. ಕೀಲಿಕೈ ಪಡೆಯುವಾಗಲೇ ಆ ಪೆಟ್ಟಿಗೆ ಎಲ್ಲಿದೆ, ಎಷ್ಟು ಕಿಲೋವ್ಯಾಟ್ ಇದೆ ಎಂದು ತೋರಿಸಲು ಹೇಳಿ.

ಈಜುಕೊಳವಿದ್ದರೆ ಅದನ್ನು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ತೆರೆದಿಡುತ್ತಾರೆ, ಸುತ್ತ ಬೇಲಿ ಇದೆಯೇ ಎಂದು ಕೇಳಿ. ಬೇಲಿಯಿಲ್ಲದ ಕೊಳಗಳು ಅಲ್ಲಿ ಅಪರೂಪವಲ್ಲ. ಪುಟ್ಟ ಮಕ್ಕಳಿರುವವರು ಅಂಥ ಮನೆಯನ್ನು ಹಿಡಿಯಲೇಬಾರದು. ಕಿಟಕಿಗಳಿಗೆ ಸೊಳ್ಳೆ ಪರದೆ ಇರುವುದೇ ಎಂಬುದೂ ಬೇಸಿಗೆಯಲ್ಲಿ ಸಣ್ಣ ಪ್ರಶ್ನೆಯಲ್ಲ. ಕಲ್ಲಿನ ಸಂದಿಗಳಲ್ಲಿ ಪುಟ್ಟ ಕಪ್ಪು ಚೇಳು ಕಾಣಿಸಬಹುದು. ನಮ್ಮ ಕಡೆಯ ಕೆಂಪು ಚೇಳಿನ ಹಾಗೆ ಅದು ಅಪಾಯಕಾರಿಯಲ್ಲ, ಆದರೂ ಚಪ್ಪಲಿ ಕೊಡವಿ ಮೆಟ್ಟುವುದು ಒಳ್ಳೆಯದು.

ಕಾಗದ ಪತ್ರಗಳನ್ನು ಮೊದಲೇ ಸಿದ್ಧಪಡಿಸಬೇಕು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪ್ರತಿ ರಾತ್ರಿ ಎಲ್ಲಿ ತಂಗುತ್ತೀರೆಂಬುದಕ್ಕೆ ದಾಖಲೆ ಕೇಳುವುದರಿಂದ, ಬಾಡಿಗೆ ಪತ್ರದಲ್ಲಿ ಮನೆಯ ವಿಳಾಸ, ದಿನಾಂಕಗಳು ಮತ್ತು ಜೊತೆಯ ಎಲ್ಲರ ಹೆಸರುಗಳು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಮನೆ ತಲುಪಿದಾಗ ಮಾಲೀಕರು ಪಾಸ್‌ಪೋರ್ಟ್‌ಗಳನ್ನು ಕೇಳಿದರೆ ಅನುಮಾನ ಬೇಡ. ಅತಿಥಿಗಳ ವಿವರವನ್ನು ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸುವುದು ಅವರ ಕಾನೂನಿನ ಹೊಣೆ.

ಕಾರು ಓಡಿಸಲು ನಮ್ಮ ಚಾಲನಾ ಪರವಾನಗಿಯ ಜೊತೆಗೆ ಆರ್‌ಟಿಒ ಕಚೇರಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. ಅದರ ಅವಧಿ ಒಂದು ವರ್ಷ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ಗೇರಿಲ್ಲದ ಕಾರು ಬೇಕಿದ್ದರೆ ಮುಂಚಿತವಾಗಿ ಹೇಳಿ ಕಾದಿರಿಸಬೇಕು. ಫ್ಲಾರೆನ್ಸ್, ಸಿಯೆನಾದಂಥ ಊರುಗಳ ಹಳೆಯ ಭಾಗಕ್ಕೆ ಹೊರಗಿನ ವಾಹನಗಳ ಪ್ರವೇಶವನ್ನು ಜೆಡ್‌ಟಿಎಲ್ ಎಂಬ ಫಲಕದಿಂದ ನಿರ್ಬಂಧಿಸಿರುತ್ತಾರೆ. ಅಲ್ಲಿ ಕಾವಲಿರುವ ಕ್ಯಾಮೆರಾ ದಾಟಿದ ತಪ್ಪಿಗೆ ದಂಡದ ಕಾಗದ ಎಷ್ಟೋ ತಿಂಗಳ ನಂತರ ಮನೆಗೆ ಬರುತ್ತದೆ. ಕಾರನ್ನು ಊರ ಹೊರಗಿನ ನಿಲುಗಡೆಯಲ್ಲಿ ಬಿಟ್ಟು ನಡೆದೇ ಒಳಗೆ ಹೋಗಿ. ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ. ಆದ್ದರಿಂದ ವೈನ್ ರುಚಿ ನೋಡಲು ಹೋಗುವ ದಿನ ಒಬ್ಬರಾದರೂ ಕುಡಿಯದೆ ಇರಬೇಕು. ವೈನರಿಗಳಿಗೆ ಮುಂಚೆಯೇ ಬರೆದು ಸಮಯ ಪಡೆದು ಹೋಗುವುದು ಪದ್ಧತಿ. ಸೀಸೆಯ ಕೊರಳಿನ ಮೇಲೆ ಕಪ್ಪು ಹುಂಜದ ಮುದ್ರೆಯಿದ್ದರೆ ಅದು ಕಿಯಾಂಟಿ ಕ್ಲಾಸಿಕೊ, ಅದರಲ್ಲಿ ಕನಿಷ್ಠ ಶೇಕಡಾ 80ರಷ್ಟು ಸಾಂಜೊವೇಸೆ ಇರಬೇಕೆಂಬುದು ನಿಯಮ.

ಇನ್ನು ಅಡುಗೆಮನೆ, ಇಂಥ ಬಾಡಿಗೆಯ ನಿಜವಾದ ಸುಖ ಇರುವುದೇ ಅಲ್ಲಿ. ಶನಿವಾರ ಸಂಜೆ ಮನೆ ಸೇರುವವರು ದಾರಿಯಲ್ಲಿಯೇ ಎರಡು ದಿನದ ದಿನಸಿ ಕೊಂಡುಕೊಳ್ಳಬೇಕು, ಏಕೆಂದರೆ ಭಾನುವಾರ ಹಳ್ಳಿಗಳ ಅನೇಕ ಅಂಗಡಿಗಳು ಮುಚ್ಚಿರುತ್ತವೆ. ಉಳಿದ ದಿನಗಳಲ್ಲಿಯೂ ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕುತ್ತಾರೆ. ಊರಿನಿಂದ ಹುಳಿಪುಡಿ, ಚಟ್ನಿಪುಡಿ ಒಯ್ಯಬಹುದು. ಆದರೆ ಹಾಲಿನ ಪದಾರ್ಥ ಮತ್ತು ಮಾಂಸವನ್ನು ಹೊರಗಿನಿಂದ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿರುವುದರಿಂದ ತುಪ್ಪ, ಪೇಡಾ ಬೇಡ. ಕರಿಬೇವನ್ನೂ ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲ. ಆದರೆ ತೆಂಗಿನಕಾಯಿಗೆ ಅಂಥ ಪತ್ರದಿಂದ ವಿನಾಯಿತಿಯಿದೆ. ಅಲ್ಲಿಯೂ 230 ವೋಲ್ಟ್ ಕರೆಂಟೇ ಆದ್ದರಿಂದ ನಮ್ಮ ಮಿಕ್ಸಿ ಓಡುತ್ತದೆ, ಪ್ಲಗ್ಗಿಗೆ ಮಾತ್ರ ಅಡಾಪ್ಟರ್ ಬೇಕು. ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು. ಸಸ್ಯಾಹಾರಿಗಳಿಗೆ ಟಸ್ಕನಿ ಒಳ್ಳೆಯ ಸೀಮೆ: ಬಿಳಿ ಹುರುಳಿಕಾಯಿ ಬೀಜ, ಟೊಮೆಟೊ ಮತ್ತು ಬ್ರೆಡ್ಡಿನ ಗಟ್ಟಿ ಸಾರು, ಉಪ್ಪಿಲ್ಲದ ಊರ ಬ್ರೆಡ್ಡು, ಹೊಸ ಆಲಿವ್ ಎಣ್ಣೆ ಇವೆಲ್ಲ ಅಲ್ಲಿಯ ರೈತರ ಊಟವೇ. ಪಾರ್ಮಿಜಾನೊ ಚೀಸಿನಲ್ಲಿ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಕಟ್ಟುನಿಟ್ಟಿನವರು ಅದನ್ನು ಬಿಡಬೇಕು. ಕಡಲೆಹಿಟ್ಟು ಅಂಗಡಿಗಳಲ್ಲಿ ಸಿಗುವುದರಿಂದ ಸಂಜೆ ಬಜ್ಜಿ ಕರಿಯಲೂ ಅಡ್ಡಿಯಿಲ್ಲ.

ಕಸವನ್ನು ಬಗೆಬಗೆಯಾಗಿ ಬೇರ್ಪಡಿಸಿ, ಯಾವ ದಿನ ಯಾವುದನ್ನು ಹೊರಗಿಡಬೇಕೆಂಬ ಪಟ್ಟಿಯನ್ನು ಅನುಸರಿಸಬೇಕು. ಹಳ್ಳಿಯ ಮನೆಗಳಿಗೆ ಸಾಮಾನ್ಯವಾಗಿ ಸ್ವಂತ ಮಲಗುಂಡಿ ಇರುವುದರಿಂದ ಶೌಚಾಲಯಕ್ಕೆ ಬೇರೇನನ್ನೂ ಹಾಕಬಾರದು. ಮನೆಗೆ ಕಾಲಿಟ್ಟ ದಿನವೇ ಅನಿಲ ಮತ್ತು ಕರೆಂಟಿನ ಮೀಟರಿನ ಅಂಕಿಗಳನ್ನೂ, ಮೊದಲೇ ಇರುವ ಬಿರುಕು, ಕಲೆ, ಒಡಕುಗಳನ್ನೂ ಫೋಟೊ ತೆಗೆದು ಮಾಲೀಕರಿಗೆ ಕಳುಹಿಸಿ. ಹೊರಡುವ ದಿನ ಅವರ ಮುಂದೆಯೇ ಮತ್ತೆ ಅಂಕಿ ನೋಡಿ ಲೆಕ್ಕ ತೀರಿಸಿ, ಠೇವಣಿ ಎಷ್ಟು ದಿನದೊಳಗೆ ಹಿಂದಿರುಗುತ್ತದೆಂದು ಬರಹದಲ್ಲಿ ಪಡೆದ ಮೇಲೆ ಕೀಲಿಕೈ ಒಪ್ಪಿಸಿ.